ಅತ್ತೆ ಕರೆಂಟು

ನನ್ನ ಗಂಡ ಇಲಿಯ ಮಿದುಳಿನ ತೆಳು ಹೋಳಿನಲ್ಲಿ ಒಂದೊಂದೇ ನರಕೋಶಕ್ಕೆ ಗಾಜಿನ ಸೂಜಿ ತಾಗಿಸಿ ಅದರ ವಿದ್ಯುತ್ತನ್ನು ದಾಖಲಿಸುತ್ತಾನೆ. ಅದೇ ಕೋಶವನ್ನು ನಾನು ಕಂಪ್ಯೂಟರಿನಲ್ಲಿ ಕಟ್ಟುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಕೋಶಗಳು ಜಗಳಕ್ಕೆ ನಿಂತವು. ಎರಡು ಸಂಕೇತ ಒಂದರ ಬೆನ್ನಿಗೆ ಒಂದು ಬಂದರೆ ನನ್ನದು ಎರಡನ್ನೂ ಕೂಡಿಸಿಕೊಂಡು ಕಿಡಿ ಹಾರಿಸುತ್ತಿತ್ತು. ಅವನದು ತೆಪ್ಪಗಿರುತ್ತಿತ್ತು.

ತಲೆ ಕೆಟ್ಟು, ಒಂದು ಹೊಸ ಕರೆಂಟನ್ನು ಊಹಿಸಿ ಮಾದರಿಗೆ ಸೇರಿಸಿದೆ. ಪೊಟ್ಯಾಸಿಯಂ ಅಯಾನುಗಳನ್ನು ಮೆಲ್ಲಗೆ ಹೊರಬಿಟ್ಟು, ಎರಡು ಸಂಕೇತ ಒಂದಾಗದಂತೆ ತಡೆಯುವ ಕರೆಂಟು. ಅವನ ದಾಖಲೆಯ ಗೆರೆಗೆ ನನ್ನ ಮಾದರಿಯ ಗೆರೆ ಕೂಡಿತು. ನಾವಿಬ್ಬರೂ ದನಿ ಏರಿಸಿದಾಗಲೆಲ್ಲ ಸದ್ದಿಲ್ಲದೆ ನಡುವೆ ಬಂದು ಕೂರುವವರು ಅತ್ತೆ. ಅದಕ್ಕೇ ಅದನ್ನು ಅತ್ತೆ ಕರೆಂಟು ಎಂದೆ. ಅವರು ನೆಂಟರಿಗೆಲ್ಲ ಫೋನು ಮಾಡಿ ಹೇಳಿಕೊಂಡರು. ನನ್ನ ಡಾಕ್ಟರೇಟ್ ಪ್ರಬಂಧ ನಿಂತಿರುವುದೇ ಅದರ ಮೇಲೆ. ಸೋಮವಾರ ಒಪ್ಪಿಸಬೇಕು.

ಇವತ್ತು ಮನೆಯ ಬೀಗದ ಕೈ ಮರೆತು ಅವನ ಲ್ಯಾಬಿಗೆ ಹೋದೆ. ಮಿದುಳಿನ ಹೋಳಿನ ಮೇಲೆ ಉಪ್ಪುನೀರು ಹರಿಸುವ ಕೊಳವೆ ಕೈಗೆ ತಾಗಿತು. ಮೂವತ್ತನಾಲ್ಕು ಡಿಗ್ರಿ ಇರಬೇಕಾದದ್ದು ತಣ್ಣಗಿತ್ತು.

"ಹೀಟರ್ ಹಾಕಿದ್ರೆ ಗುಂಯ್ ಅಂತ ಗದ್ದಲ ದಾಖಲಾಗುತ್ತೆ. ಮೊದಲಿಂದಲೂ ತೆಗೆದೇ ಇಟ್ಟಿದೀನಿ," ಎಂದ.

ಹಾಗಾದರೆ ದಾಖಲೆಯ ಪ್ರತಿ ಹಾಳೆಯಲ್ಲೂ ಮೂವತ್ತನಾಲ್ಕು ಎಂದೇಕೆ ಬರೆದಿದೆ ಎಂದು ಕೇಳಿದೆ. ಆ ಲ್ಯಾಬಿನಲ್ಲಿ ತನಗಿಂತ ಹಿಂದಿದ್ದವನ ಹಾಳೆಯ ತಲೆಬರಹವನ್ನು ಹಾಗೇ ನಕಲು ಮಾಡಿಕೊಂಡಿದ್ದನಂತೆ.

ಓಡಿಹೋಗಿ ಮಾದರಿಯ ತಾಪಮಾನವನ್ನು ಲ್ಯಾಬಿನ ಕೋಣೆಯಷ್ಟೇ, ಇಪ್ಪತ್ತನಾಲ್ಕಕ್ಕೆ ಇಳಿಸಿದೆ. ಅತ್ತೆ ಕರೆಂಟನ್ನು ಸೊನ್ನೆ ಮಾಡಿದೆ. ಚಳಿಗೆ ಅಯಾನುಗಳ ಬಾಗಿಲುಗಳೆಲ್ಲ ನಿಧಾನವಾಗಿ, ಕೋಶ ತಾನಾಗಿಯೇ ತೆಪ್ಪಗಾಯಿತು. ಮತ್ತೆ ಗೆರೆಗೆ ಗೆರೆ! ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಿದ್ದೆನೇ? ಅವನ ಮೇಲೆ ಸಿಟ್ಟು ಬಂತು, ಒಂದು ದಿನವೂ ಕೊಳವೆ ಮುಟ್ಟಿ ನೋಡದ ನನ್ನ ಮೇಲೆ ಇನ್ನೂ ಹೆಚ್ಚು. ಆದರೆ ಬದುಕಿರುವ ಇಲಿಯ ಮಿದುಳು ಬೆಚ್ಚಗೇ ಇರುತ್ತದಲ್ಲ. ಅಲ್ಲಿ ಈ ಕರೆಂಟು ಇದೆಯೋ ಇಲ್ಲವೋ, ತಲೆಬುಡ ತಿಳಿಯಲಿಲ್ಲ.

ಸಂಜೆ ಮನೆಯಲ್ಲಿ ಗಂಡ, ಇದ್ದ ಹಾಗೇ ಒಪ್ಪಿಸಿಬಿಡು, ಕೊಳವೆ ಮುಟ್ಟಲು ಯಾರು ಬರುತ್ತಾರೆ ಎಂದ. ನಾನು ಅತ್ತೆಯ ಎದುರು ಕೂತು ಎಲ್ಲ ಹೇಳಿದೆ.

"ಇಲ್ಲದೇ ಇದ್ದದ್ದು ಎರಡು ವರ್ಷ ಹೇಗಮ್ಮಾ ಸರಿಹೋಯ್ತು?" ಎಂದರು.

ಚಳಿ ಮಾಡಿದ ಕೆಲಸವನ್ನು ಅದೇ ಮಾಡಿದ ಹಾಗೆ ಕಂಡಿತು ಎಂದೆ. ಬೆಚ್ಚಗಿಟ್ಟು ನೋಡಿದರೆ ಸಿಗಬಹುದೇ ಎಂದು ಕೇಳಿದರು. ಸಿಗಬಹುದು, ಸಿಗದೆಯೂ ಇರಬಹುದು ಎಂದೆ. ಎಂದೂ ದನಿ ಏರಿಸದ ಅತ್ತೆ ಮಗನ ಮೇಲೆ ಏರಿಸಿದರು.

"ನಾಳೆ ಆ ಹೀಟರ್ ಹಾಕೋ. ನಾನಿದೀನೋ ಇಲ್ವೋ ಗೊತ್ತಾಗ್ಲಿ."

ಸೋಮವಾರ ಆಗುವುದಿಲ್ಲ ಎಂದು ಗೈಡಿಗೆ ಬರೆದು ಕಳಿಸಿದೆ. ಆ ಗುಂಯ್ ಗದ್ದಲದ ನಡುವೆ ಅತ್ತೆಯನ್ನು ಹುಡುಕುವುದು ಹೇಗೆ ಎಂದು ಮಾತ್ರ ಇನ್ನೂ ಹೊಳೆದಿಲ್ಲ.