ಟೆಗ್ವೆನ್ನಳ ಬಾಯಿ ತುಂಬ ಹಲ್ಲು

ಮದುವೆ ಹತ್ತಿರ ಬಂದಾಗ ಹನ್ನಾ ಅಜ್ಜಿ ಪೇಟೆಗೆ ಹೋಗಿ, ಮೊಮ್ಮಗಳು ಟೆಗ್ವೆನ್ನಳ ಹಲ್ಲು ಕೀಳಿಸಲು ಶನಿವಾರಕ್ಕೆ ಗೊತ್ತು ಮಾಡಿ ಬಂದಳು. ಹುಳುಕು ಹಲ್ಲೊಂದನ್ನಲ್ಲ, ಬಾಯಲ್ಲಿದ್ದ ಅಷ್ಟನ್ನೂ. ವೇಲ್ಸಿನ ಆ ಗಣಿ ಕಣಿವೆಯಲ್ಲಿ ಮದುಮಗಳಿಗೆ ತವರಿನವರು ಕೊಡುವ ದೊಡ್ಡ ಉಡುಗೊರೆ ಅದೇ. ಎಲ್ಲ ಕೀಳಿಸಿ ಹಲ್ಲುಸೆಟ್ಟು ಹಾಕಿಸಿ ಕಳಿಸಿದರೆ, ಮುಂದೆ ಗಂಡನ ತಲೆಯ ಮೇಲೆ ಹಲ್ಲಿನ ಡಾಕ್ಟರ ಖರ್ಚು ಬೀಳುವುದಿಲ್ಲ. ಹುಡುಗಿಯರು ಊದಿದ ಕೆನ್ನೆ ಹೊತ್ತುಕೊಂಡೇ ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದರು.

ಟೆಗ್ವೆನ್ನಳ ತಾಯಿ ನೆಸ್ಟಾ ಒಲೆಯ ಮೇಲೆ ಕುರಿಮಾಂಸದ ಸಾರು ಕುದಿಸುತ್ತಿದ್ದಳು. ಅತ್ತೆ ಶನಿವಾರ ಎಂದದ್ದೇ ಸೌಟು ಕೈಯಲ್ಲೇ ನಿಂತಿತು.

"ಅತ್ತೆ, ಶನಿವಾರ ಬೇಡ. ಸೋಮವಾರದಿಂದ ಸರ್ಕಾರದ ಹೊಸ ಕಾನೂನು ಬಂದು ಡಾಕ್ಟರು, ಆಸ್ಪತ್ರೆ, ಹಲ್ಲು, ಕನ್ನಡಕ ಎಲ್ಲಾ ಎಲ್ಲರಿಗೂ ಪುಕ್ಕಟೆ ಆಗುತ್ತಲ್ಲ. ಎರಡು ದಿನ ತಡೀರಿ."

"ಸೋಮವಾರ ಪುಕ್ಕಟೆ ಕೀಳ್ತಾರೇನು?"

"ಕೀಳಬೇಕಾದ್ದನ್ನ ಮಾತ್ರ ಕೀಳ್ತಾರೆ. ಉಳಿದದ್ದನ್ನ ಉಳಿಸ್ತಾರೆ."

"ಬಿಟ್ಟಿ ಸಿಕ್ಕಿದ್ರೆ ನನಗೂ ಒಂದು, ನಮ್ಮಪ್ಪಂಗೂ ಒಂದು ಅನ್ನೋ ಮನೆತನ ಅಲ್ಲ ನಮ್ಮದು. ನನ್ನ ಮೊಮ್ಮಗಳು ಸರ್ಕಾರದ ಭಿಕ್ಷೆಗೆ ಬಾಯಿ ತೆಗೀಬೇಕಾ?"

ನೆಸ್ಟಾಳ ಗಂಡ ಗೆತಿನ್ ಆಗಷ್ಟೇ ಗಣಿಯಿಂದ ಬಂದು, ಒಲೆಯ ಮುಂದಿನ ತಗಡಿನ ತೊಟ್ಟಿಯಲ್ಲಿ ಕೂತು ಬೆನ್ನಿನ ಕಲ್ಲಿದ್ದಲ ಮಸಿ ತೊಳೆಯುತ್ತಿದ್ದ. "ಭಿಕ್ಷೆ ಹ್ಯಾಗಾಗುತ್ತಮ್ಮ? ನಾವು ಗಣಿಯವರು ಸಂಬಳದಲ್ಲಿ ಒಂದಿಷ್ಟು ಒಟ್ಟು ಹಾಕಿ ಡಾಕ್ಟರನ್ನ ಇಟ್ಕೊಂಡಿಲ್ವಾ? ಅದನ್ನೇ ಈಗ ದೇಶಕ್ಕೆಲ್ಲ ಮಾಡಿದ್ದಾರೆ. ಲಂಡನ್ನಿನವರಿಗೆ ಬುದ್ಧಿ ಕಲಿಸಿದ್ದು ಈ ಕಣಿವೆಗಳು."

"ನಿಮ್ಮ ಕಾಲು ಮುರಿದಾಗ ಡಾಕ್ಟರು ಓಡಿ ಬಂದ್ರು," ಎಂದಳು ನೆಸ್ಟಾ. "ನನ್ನ ಹೆರಿಗೇಲಿ ಯಾರು ಬಂದ್ರು?"

ಗೆತಿನ್ ಮುಖಕ್ಕೆ ನೀರು ಎರಚಿಕೊಂಡ. ಅವರ ಗಣಿಯ ಚಂದಾ ಹಣದ ಡಾಕ್ಟರು ದುಡಿಯುವ ಗಂಡಸಿಗೆ ಮಾತ್ರ. ಪಕ್ಕದ ಕಣಿವೆಯಲ್ಲಿ ಹೆಂಡತಿ ಮಕ್ಕಳನ್ನೂ ಸೇರಿಸಿಕೊಂಡಿದ್ದರು. ಇಲ್ಲಿನ ಗಂಡಸರಿಗೆ ಅಷ್ಟು ತಲೆ ಓಡಿರಲಿಲ್ಲ, ಓಡಿಸುವ ಗೋಜಿಗೂ ಹೋಗಿರಲಿಲ್ಲ.

ಅತ್ತೆಯನ್ನಾದರೂ ಒಪ್ಪಿಸಬಹುದಿತ್ತು. ಆದರೆ ಹುಡುಗಿಯೇ ಅಜ್ಜಿಯ ಕಡೆ. ಒಂದು ದವಡೆ ಹಲ್ಲಿನ ನೋವಿನಲ್ಲಿ ಅವಳು ಹೈರಾಣಾಗಿದ್ದಳು.

"ಎಲ್ಲಾ ಹೋದ್ರೆ ಕಾಟ ತಪ್ಪುತ್ತೆ, ಅಮ್ಮ. ನನ್ನ ಗೆಳತಿಯರೆಲ್ಲ ಕೀಳಿಸ್ಕೊಂಡಿದ್ದಾರೆ. ನೀನೂ ಕೀಳಿಸ್ಕೊಂಡವಳೇ ತಾನೆ? ಚೆನ್ನಾಗೇ ಇದ್ದೀಯ."

ನೆಸ್ಟಾ ಸಾರು ಬಡಿಸಿದಳು. ಎಲ್ಲರಿಗೂ ಬಡಿಸಿದ ಮೇಲೆ ತಾನೊಬ್ಬಳೇ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣುವುದು ಅವಳ ರೂಢಿ. ಅದು ಅಮ್ಮನ ಸಂಕೋಚ ಎಂದೇ ಮಗಳು ತಿಳಿದಿದ್ದಳು. ಅಂದು ನೆಸ್ಟಾ ತಟ್ಟೆ ತಂದು ಮಗಳ ಎದುರೇ ಕೂತಳು. ಬಾಯಿಂದ ಸೆಟ್ಟು ತೆಗೆದು ಮೇಜಿನ ಮೇಲಿಟ್ಟಳು. ಕೆನ್ನೆ ಒಳಕ್ಕೆ ಕುಸಿದು, ನಲವತ್ತರ ಹೆಂಗಸು ಎಲ್ಲರ ಕಣ್ಣೆದುರೇ ಮುದುಕಿಯಾದಳು. ಬ್ರೆಡ್ಡಿನ ಅಂಚನ್ನು ಸಾರಿನಲ್ಲಿ ನೆನೆಸಿ, ವಸಡಿನಲ್ಲಿ ಅರೆದು ಅರೆದು, ನುಂಗಲಾರದೆ ಕೈಗೆ ಉಗಿದಳು.

"ಈ ಸೆಟ್ಟು ಒಂದು ದಿನಾನೂ ಸರಿಯಾಗಿ ಕೂತಿಲ್ಲ," ಎಂದಳು, ತೊದಲುತ್ತ. "ಒಂದೇ ಹಲ್ಲು ನೋಯ್ತಿತ್ತು ನಂಗೂ. ನಮ್ಮಪ್ಪ ಪ್ರೀತಿಯಿಂದ ಎಲ್ಲಾ ಕೀಳಿಸಿದ. ಹೆಂಗೆ ಬೈಯ್ಯಲಿ ಅವನನ್ನ?"

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನಗುವುದು ಸುಲಭ. ಟೆಗ್ವೆನ್ ನಗಲಿಲ್ಲ. ಶನಿವಾರ ಕೆನ್ನೆಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡು ಮನೆಯಲ್ಲೇ ಉಳಿದಳು, ಭಾನುವಾರವೂ ಕಚ್ಚಿ ಹಿಡಿದು ಕಳೆದಳು. ಹನ್ನಾ ಅಜ್ಜಿ ಎರಡೂ ದಿನ ಮುನಿಸಿಕೊಂಡೇ ಇದ್ದಳು.

ಆದರೂ ಸೋಮವಾರ ಅವಳೇ ಮುಂದಾಗಿ ಹೊರಟಳು. "ನಿಮ್ಮ ಸರ್ಕಾರದ ಬಣ್ಣ ಬಯಲಾಗೋದನ್ನ ನೋಡಬೇಕು ನಾನು."

ಡಾಕ್ಟರ ಮನೆಯಿಂದ ಹಲ್ಲಿನ ಡಾಕ್ಟರ ಬಾಗಿಲವರೆಗೂ ಬೀದಿಯುದ್ದಕ್ಕೂ ಹೆಂಗಸರು. ಹೊಟ್ಟೆ ಹಿಡಿದು ನಿಂತವಳು, ಶಾಲಿನಲ್ಲಿ ಕೊರಳ ಗಡ್ಡೆ ಮುಚ್ಚಿಕೊಂಡವಳು, ಹೆರಿಗೆಯಲ್ಲಿ ಜಾರಿದ ಗರ್ಭಕೋಶಕ್ಕೆ ಬಟ್ಟೆ ಕಟ್ಟಿಕೊಂಡೇ ವರ್ಷಗಟ್ಟಲೆ ನೀರು ಹೊತ್ತವಳು.

"ಇಷ್ಟು ಕಾಯಿಲೆ ಇಷ್ಟು ದಿನ ಎಲ್ಲಿತ್ತೇ?" ಎಂದಳು ಅಜ್ಜಿ.

"ಅಡುಗೆಮನೇಲಿ, ಅತ್ತೆ."

ಹಲ್ಲಿನ ಡಾಕ್ಟರು ಪ್ರೊಸರ್ ಒಳ್ಳೆಯ ಮನುಷ್ಯ, ಆದರೆ ಕೇಳಿದ್ದನ್ನು ಮಾಡಿಕೊಟ್ಟು ಅಭ್ಯಾಸವಾದವರು. "ಎಲ್ಲಾ ತಾನೆ?" ಎಂದು ಇಕ್ಕಳಕ್ಕೆ ಕೈ ಹಾಕಿದರು.

"ಅಲ್ಲ," ಎಂದಳು ನೆಸ್ಟಾ. "ಸರಿಯಾಗಿ ನೋಡಿ. ನೋಡೋದಕ್ಕೂ ಈಗ ದುಡ್ಡಿಲ್ಲವಲ್ಲ."

ಪ್ರೊಸರ್ ಇಕ್ಕಳ ಕೆಳಗಿಟ್ಟು, ಪುಟ್ಟ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಮ್ಮ, ಅಜ್ಜಿ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಮತ್ತೆ ತೆರೆದಾಗ ಟೆಗ್ವೆನ್ ತಾನೇ ನಡೆದುಕೊಂಡು ಹೊರಗೆ ಬಂದಳು.

"ಹುಳುಕಿದ್ದದ್ದು ಒಂದೇ. ಅದನ್ನೂ ಕೀಳದೆ ತೂತು ತುಂಬಿದ್ದೀನಿ," ಎಂದರು ಪ್ರೊಸರ್. "ಮಿಕ್ಕಿದ್ದೆಲ್ಲ ಕಲ್ಲಿನ ಹಾಗಿವೆ. ನೀವು ಬನ್ನಿ ತಾಯಿ, ನಿಮಗೆ ಸರಿ ಕೂರೋ ಸೆಟ್ಟು ಮಾಡೋಣ."

ನೆಸ್ಟಾ ಮಗಳನ್ನು ಅವುಚಿಕೊಂಡಳು. ಅಷ್ಟು ಸಂತೋಷ ಅವಳಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ.

ಅಜ್ಜಿ ನಂಬಲಿಲ್ಲ. "ಬಾಯಿ ತೆಗಿಯೇ," ಎಂದು ಮೊಮ್ಮಗಳ ಗಲ್ಲ ಹಿಡಿದು, ಬೆರಳು ಹಾಕಿ ಒಂದೊಂದನ್ನೇ ಮುಟ್ಟಿ ಅಲುಗಿಸಿ ನೋಡಿದಳು. ಒಂದೂ ಜಪ್ಪಯ್ಯ ಅನ್ನಲಿಲ್ಲ. ಅಜ್ಜಿಯ ಕಣ್ಣು ತುಂಬಿ ಹರಿಯಿತು.

"ನನ್ನವೂ ಹಿಂಗೇ ಇದ್ವು," ಎಂದಳು. "ಹಿಂಗೇ ಗಟ್ಟಿ ಇದ್ವು. ನಗ್‌ನಗ್ತಾ ಹೋಗಿ ಕೂತಿದ್ದೆ ಕಣೇ."

ಅಜ್ಜಿ ಮೂಗು ಒರೆಸಿಕೊಂಡು ಮೊಮ್ಮಗಳ ಕೈ ಹಿಡಿದಳು. ಬೀದಿಯುದ್ದಕ್ಕೂ ಮನೆಮನೆಯ ಬಾಗಿಲು ತಟ್ಟಿ, "ಬಾಯಿ ತೆಗಿ, ತೋರಿಸು," ಎಂದು ಮೊಮ್ಮಗಳ ಬಾಯಿ ತೆಗೆಸುತ್ತ ನಡೆದಳು. ಟೆಗ್ವೆನ್‌ಗೆ ನಾಚಿಕೆಯೋ ನಾಚಿಕೆ, ಆದರೂ ಬಾಯಿ ತೆಗೆದಳು. ಕಡೆಯ ಮನೆಯಲ್ಲಿ, ಮುಂದಿನ ತಿಂಗಳು ಮದುವೆಯಾಗಲಿದ್ದ ಆಂಘರಾಡ್ ಎಂಬ ಹುಡುಗಿ ಮೆಟ್ಟಿಲು ಉಜ್ಜುತ್ತಿದ್ದಳು.

"ನಿನ್ನ ಹಲ್ಲು ಕೀಳೋದು ಯಾವತ್ತಿಗೆ ಗೊತ್ತು ಮಾಡಿದ್ದಾರೆ?"

"ಬುಧವಾರಕ್ಕೆ, ಅಜ್ಜಿ."

"ಬುಧವಾರ ಇಲ್ಲ, ಗಿಧವಾರ ಇಲ್ಲ. ಬ್ರಷ್ ಅಲ್ಲಿ ಬಿಸಾಕು, ಏಳು," ಎಂದು ಹನ್ನಾ ಅಜ್ಜಿ ಅವಳನ್ನೂ ಎಳೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದಳು.