ಚಮಚದ ಮೇಲಿನ ಹೆಸರು

ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದ ಮುನಿರಾಜುವಿನ ಮನೆಯಲ್ಲಿ ಹನ್ನೆರಡು ಇಂಗ್ಲಿಷ್ ಬೆಳ್ಳಿ ಚಮಚಗಳಿದ್ದವು. ಹೋದ ವರ್ಷ ತನ್ನೂರು ಹೊಸಕೋಟೆಯಿಂದ ಅವನೇ ತಂದದ್ದು. ಯಾರು ಕೇಳಿದರೂ, "ನಮ್ಮ ಮುತ್ತಾತ ದೊಡ್ಡ ಜಮೀನ್ದಾರ್ರು. ದೊರೆಗಳು ಕೊಟ್ಟ ಗಿಫ್ಟು" ಎನ್ನುತ್ತಿದ್ದ. ಹೇಳಿ ಹೇಳಿ ಆ ಸುಳ್ಳು ನಾಲಿಗೆಗೆ ಒಗ್ಗಿಹೋಗಿತ್ತು.

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದ ಆಫೀಸಿನ ರಘೋತ್ತಮನಿಗೂ ಅದನ್ನೇ ಹೇಳಿದ. ಊರಿನಿಂದ ಬಂದಿದ್ದ ತಾಯಿ ತಾಯಮ್ಮ ಪಾಯಸ ಬಡಿಸುತ್ತಿದ್ದವಳು ಮಗನ ಮುಖವನ್ನೊಮ್ಮೆ ನೋಡಿ ಮುಂದಿನ ಬಟ್ಟಲಿಗೆ ಬಡಿಸಿದಳು.

ರಘೋತ್ತಮನಿಗೆ ಹಳೆಯ ಬೆಳ್ಳಿಯ ಹುಚ್ಚು. ಚಮಚ ತಿರುಗಿಸಿ ನೋಡಿ, ಹಿಡಿಯ ಮೇಲೆ ಕೆತ್ತಿದ್ದ ಇಂಗ್ಲಿಷ್ ಹೆಸರನ್ನು ಬೆರಳಿನಿಂದ ಸವರಿದ.

"ಅಪ್ಪಟ ಇಂಗ್ಲಿಷ್ ಬೆಳ್ಳಿಗೆ ಒತ್ತೋ ಸಿಂಹದ ಗುರುತಿದೆ, ಒರಿಜಿನಲ್ಲೇ. ಆದ್ರೆ ಗಿಫ್ಟು ಕೊಡೋರು ತಮ್ಮ ಮನೆತನದ ಹೆಸರು ಕೆತ್ತಿಸಿದ್ದನ್ನ ಕೊಡ್ತಾರಾ? ನಿಮ್ಮ ಮುತ್ತಾತ ಮೆಲ್ಲಗೆ ಎತ್ಕೊಂಡು ಬಂದ್ರೋ ಏನೋ!" ಎಂದು ನಕ್ಕ.

ಮುನಿರಾಜುವೂ ನಕ್ಕ. ಮಾತು ತೇಲಿಹೋದರೆ ಸಾಕಾಗಿತ್ತು ಅವನಿಗೆ.

ತಾಯಮ್ಮ ಪಾತ್ರೆ ಕೆಳಗಿಟ್ಟಳು.

"ಕದ್ದಿದ್ದಲ್ಲ ಸ್ವಾಮಿ. ನಮ್ ತಾತ ಬೆಂಗ್ಳೂರು ದಂಡಿನಾಗೆ ದೊರೆಸಾನಿ ಮನೇಲಿ ಅಡುಗೆಯೋನು. ಒಂದು ಚಮ್ಚ ಕಾಣೆ ಆಯ್ತು ಅಂತ ಅವನನ್ನ ಕಂಬಕ್ಕೆ ಕಟ್ಟಿ ಹೊಡೆಸಿದ್ರು. ಆಮೇಲೆ ನೋಡಿದ್ರೆ ಅವರ ಪೆಟ್ಟಿಗೇಲೇ ಇತ್ತು. ತಮ್ಮ ಸೀಮೆಗೆ ವಾಪಸ್ಸು ಹೋಗೋವಾಗ ಆಯಮ್ಮ ನಮ್ಮ ಬಾಗ್ಲಿಗೇ ಬಂದು, ತಪ್ಪಾಯ್ತು ಅಂತ ಎಲ್ಲಾ ಚಮ್ಚಾನೂ ಕೊಟ್ಟು ಹೋದ್ಲಂತೆ. ಎಷ್ಟು ಕಷ್ಟ ಬಂದ್ರೂ ತಾತ ಒಂದನ್ನೂ ಮಾರಲಿಲ್ಲ. ನಾನು ಕಳ್ಳ ಅಲ್ಲ ಅನ್ನೋಕೆ ಇದೇ ಸಾಕ್ಷಿ ಅಂತಿದ್ದ."

ರಘೋತ್ತಮ ಎದ್ದು ಕೈಮುಗಿದ. "ಕ್ಷಮಿಸಿ ಅಮ್ಮಾ, ತಮಾಷೆಗೆ ಅಂದೆ."

ಈ ಕಥೆ ಮುನಿರಾಜುವಿಗೆ ಚಿಕ್ಕಂದಿನಿಂದ ಗೊತ್ತು. ಅಡುಗೆಯವನ ವಂಶ ಎನ್ನಲು ನಾಚಿ ಮುಚ್ಚಿಟ್ಟಿದ್ದ. ಸತ್ತು ಎಷ್ಟೋ ವರ್ಷವಾದ ಮುದುಕನ ಮೇಲೆ ಅದೇ ಕಳ್ಳತನವನ್ನು ಮತ್ತೆ ಹೊರಿಸುವಂತೆ ಮಾಡಿದ್ದ. ಸಾಲದ್ದಕ್ಕೆ ತಾನೂ ನಕ್ಕಿದ್ದ.

"ತಪ್ಪು ನಿಮ್ಮದಲ್ಲ ರಘು," ಎಂದ, ತಟ್ಟೆಯಿಂದ ಕಣ್ಣೆತ್ತದೆ. "ಸುಳ್ಳು ಹೇಳಿದ್ದು ನಾನು. ಅಮ್ಮ ಹೇಳಿದ್ದೇ ನಿಜ."

ರಘೋತ್ತಮ ಬೇಗನೆ ಹೊರಟುಹೋದ. ಮುನಿರಾಜು ತಾಯಿಯ ಪಕ್ಕ ಹೋಗಿ ನಿಂತ.

"ಬೈದುಬಿಡಮ್ಮಾ."

"ಬೈಯೋಕೇನೈತೆ? ಆ ಮಗೀಗೆ ಏನಂತ ಹೇಳಿದೀಯ?"

ಮಹಡಿಯ ಕೋಣೆಯಲ್ಲಿದ್ದ ಮಗಳು ತನ್ವಿಗೂ ಅವನು ಜಮೀನ್ದಾರರ ಕಥೆಯನ್ನೇ ಹೇಳಿದ್ದ. ಅವಳು ಅದನ್ನು ಸ್ಕೂಲಿನಲ್ಲೂ ಹೇಳಿ ಬಂದಿದ್ದಳು. ಅವನು ಮೆಟ್ಟಿಲ ಬುಡಕ್ಕೆ ಹೋಗಿ ಅವಳನ್ನು ಕರೆದ.

"ವಾಟ್ ಹ್ಯಾಪನ್ಡ್, ಅಪ್ಪಾ?" ಎನ್ನುತ್ತ ಅವಳು ಇಳಿದು ಬಂದು ಅಜ್ಜಿಗೆ ಒರಗಿ ಕೂತಳು. ಇಬ್ಬರೂ ಅವನನ್ನೇ ನೋಡುತ್ತಿದ್ದರು. ಅವನು ಒಂದು ಚಮಚ ತಂದು ತನ್ವಿಯ ಕೈಗಿಟ್ಟು, "ನಿನ್ನ ಅಜ್ಜಿಯ ತಾತ ಅಡುಗೆಯವರಾಗಿದ್ರು" ಎಂದು ಶುರುಮಾಡಿದ.