ನಾಲ್ಕು ಗಂಡು ಮೇಷ್ಟ್ರು

“ಕತ್ತು ಎತ್ತೋ, ಕತ್ತೆ ನನ್ಮಗನೆ! ಟೈ ಕಟ್ತಿದೀನಿ, ನೇಣು ಹಾಕ್ತಿಲ್ಲ! ಥೂ, ಏನು ನಾತವೋ ನಿಂದು!”

ಶಾಲೆಯ ಯಜಮಾನ ಕಾದ ಬಾಣಲೆ ಹಿಡಿದವನಂತೆ ಎರಡೇ ಬೆರಳಲ್ಲಿ ಟೈ ಬಿಗಿದ. ಆಮೇಲೆ ಒಂದು ಸೀಸೆ ಸೆಂಟನ್ನು ಪೂರ್ತಿ ಸುರಿದ. ಸುತ್ತ ಹತ್ತೂರಿನ ಜೇನುನೊಣಗಳು ಹೂವು ಬಿಟ್ಟು ಇತ್ತ ಹೊರಟವು ಎಂದರೆ ನಂಬಬೇಕು. ಟೈ ಒಳಗಿದ್ದ ಕತ್ತು ಬಕೆಟ್ಟಿನದು. ಇಪ್ಪತ್ತು ವರ್ಷದಿಂದ ಅಲ್ಲಿ ಕಕ್ಕಸು ತೊಳೆಯುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದುದು ಬಕೆಟ್ಟು ಎಂದೇ.

“ಇವತ್ತು ನೀನು ಗಣಿತದ ಮೇಷ್ಟ್ರು. ಬಾಯಿ ಬಿಟ್ಟೆಯೋ, ನಿನ್ನ ಮಗಳು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಲ್ಲ. ಗೊತ್ತಾಯ್ತಾ?”

“ಗಣಿತವೇ ಯಾಕೆ ಧಣಿ?”

“ನಿನ್ನ ಮುಖ ನೋಡಿದ್ರೆ ಮಕ್ಕಳಿಗೆ ಅಳು ಬರುತ್ತೆ, ಅದಕ್ಕೆ.”

ವಿಷಯ ಇಷ್ಟೇ. ದೇಶದ ಹೈಸ್ಕೂಲುಗಳಲ್ಲಿ ಗಂಡು ಮೇಷ್ಟ್ರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತಿತ್ತು. ಕೊಡುವ ಸಂಬಳ ನೋಡಿ ಒಬ್ಬೊಬ್ಬರೇ ಕೈಮುಗಿದು ಹೊರಟಿದ್ದರು. ಅವರು ಬಿಟ್ಟ ಕೆಲಸ ಹೆಂಗಸರ ತಲೆಗೆ ಬಿತ್ತು, ಅದೂ ಅರ್ಧ ಸಂಬಳಕ್ಕೆ. ಈ ಇಳಿಕೆ ತೋರಿಸಲು ಮಂತ್ರಿಗಳ ಕಚೇರಿಯಲ್ಲಿ ಎಳೆದ ಕೆಂಪು ಗೆರೆ ಕಾಗದ ಸಾಲದೆ ಗೋಡೆಗಿಳಿದು, ಗೋಡೆ ಸಾಲದೆ ನೆಲಕ್ಕಿಳಿದು, ಬಾಗಿಲು ದಾಟಿ ಮೆಟ್ಟಿಲಿಳಿಯುತ್ತಿದ್ದಾಗ ಮಂತ್ರಿಗಳೇ ಅದಕ್ಕೆ ಎಡವಿ ಬಿದ್ದರು. ಬಿದ್ದಲ್ಲಿಂದಲೇ ಹುಕುಂ ಹೊರಟಿತು: ಗಂಡು ಮೇಷ್ಟ್ರಿಲ್ಲದ ಶಾಲೆಗೆ ಅನುದಾನವಿಲ್ಲ. ಯಜಮಾನ ತನ್ನಲ್ಲಿ ನಾಲ್ವರಿದ್ದಾರೆ ಎಂದುಬಿಟ್ಟಿದ್ದ. ಇವತ್ತು ಎಣಿಸಲು ಇಲಾಖೆಯ ಸಾಹೇಬರು ಬರುವವರಿದ್ದರು. ಹಾಗಾಗಿ ವ್ಯಾನ್ ಡ್ರೈವರು ಭೂಗೋಳಕ್ಕೆ, ಗೇಟಿನ ಕಾವಲುಗಾರ ಭಾಷೆಗೆ, ತೋಟದ ಮಾಲಿ ವಿಜ್ಞಾನಕ್ಕೆ ಬಡ್ತಿ ಪಡೆದರು.

“ನನ್ನ ಮಗಳೆಲ್ಲಿ ಧಣಿ?”

“ಆಟದ ಸಾಮಾನಿನ ಕೋಣೆಲಿ. ಬೀಗ ಹಾಕಿದೀನಿ. ಕ್ಲಾಸಲ್ಲಿ ನಿನ್ನ ನೋಡಿ ‘ಅಪ್ಪಾ’ ಅಂದ್ಬಿಟ್ರೆ ಮುಗೀತು. ನಡಿ, ನಡಿ!”

ಹತ್ತನೇ ಕ್ಲಾಸಿನ ಹೊಸ್ತಿಲಲ್ಲಿ ಬಕೆಟ್ಟಿನ ಕಾಲು ತಾನಾಗಿ ನಿಂತಿತು. ಕಕ್ಕಸಿನ ಕಾಲಲ್ಲಿ ಕ್ಲಾಸಿಗೆ ಬರಕೂಡದೆಂದು ಹಿಂದೊಮ್ಮೆ ಇದೇ ಯಜಮಾನ ಅವನಿಗೆ ಪೊರಕೆಯಲ್ಲಿ ಬಾರಿಸಿದ್ದ. ಮೈಗೆ ಹತ್ತಿದ ಆ ಪಾಠದಂತೆ, ಯಜಮಾನ ಕೊಟ್ಟಿದ್ದ ಬೂಟುಗಳನ್ನು ಹೊರಗೇ ಬಿಟ್ಟು ಬರಿಗಾಲಲ್ಲಿ ಒಳಹೋಗಿ ಬೋರ್ಡಿನ ಪಕ್ಕ ಗೋಡೆಗೆ ಅಂಟಿಕೊಂಡ. ಮಕ್ಕಳು ನಗು ತಡೆಯಲು ತುಟಿ ಕಚ್ಚಿ ಕೂತರು. ನಿಜಕ್ಕೂ ಗಣಿತ ಕಲಿಸುತ್ತಿದ್ದ ಮೇಡಂ ಹಿಂದಿನ ಬೆಂಚಿನಲ್ಲಿದ್ದರು. ಇವತ್ತಿನ ಮಟ್ಟಿಗೆ ಅವರು ಸಹಾಯಕಿ.

ಸಾಹೇಬರು ಬಂದರು. ಹೊರಗೆ ಬೂಟು ಕಂಡರು, ಒಳಗೆ ಬರಿಗಾಲು ಕಂಡರು. ಅವರ ಕಣ್ಣಿಂದ ಕೊಡಗಟ್ಟಲೆ ನೀರು ಇಳಿಯಿತು.

“ಆಹಾ! ಕ್ಲಾಸಂದ್ರೆ ಎಂಥ ಭಯಭಕ್ತಿ ನೋಡ್ರೀ! ಮಕ್ಕಳು ಉಸಿರೂ ಬಿಡ್ತಿಲ್ಲ. ಇದಕ್ಕೇ ನಾನು ಹೇಳೋದು, ಗಂಡು ದನಿ ಬೇಕು ಅಂತ!”

ಬಕೆಟ್ಟು ಇನ್ನೂ ಒಂದಕ್ಷರ ಉಸುರಿರಲಿಲ್ಲ.

“ಏನಮ್ಮಾ, ಹಿಂದೆ ಸುಮ್ನೆ ಕೂತಿದೀಯಲ್ಲ, ಒಂದು ಟೀ ತಗೊಂಬಾ.”

ಮೇಡಂ ಏಳುವಷ್ಟರಲ್ಲಿ ವರಾಂಡದ ಆ ತುದಿಯಲ್ಲಿ ಯಾರೋ ಧಡ್ ಧಡ್ ಎಂದು ಬಾಗಿಲು ಬಡಿದರು.

“ಏನ್ರೀ ಅದು?”

“ಇಲಿ ಸಾರ್,” ಎಂದ ಯಜಮಾನ. “ಕೊಬ್ಬಿದ ಇಲಿ. ಸಂಜೆ ವಿಷ ಇಡ್ತೀವಿ.”

ಬಕೆಟ್ಟು ಈವರೆಗೆ ನುಂಗಿದ ಬೈಗುಳವನ್ನೆಲ್ಲ ಗುಡ್ಡೆ ಹಾಕಿದ್ದರೆ ಮೋಡಗಳು ಬಳಸಿಕೊಂಡು ಹೋಗಬೇಕಾಗುತ್ತಿತ್ತು. ಆದರೆ ಇದೊಂದು ಗಂಟಲಲ್ಲಿ ಇಳಿಯಲಿಲ್ಲ. ಅಂಗಳಕ್ಕಿಳಿದು ಕಲ್ಲೊಂದನ್ನೆತ್ತಿ ಬೀಗಕ್ಕೆ ಒಂದೇ ಏಟು ಹಾಕಿದ. ಆ ಸದ್ದಿಗೆ ಮೂರು ಬೀದಿಯಾಚೆಯ ಕೋಳಿಗಳು ಮೊಟ್ಟೆಯಿಡುವುದನ್ನು ಅರ್ಧಕ್ಕೇ ನಿಲ್ಲಿಸಿದವು. ಮಗಳು ಬೆವರಲ್ಲಿ ತೊಯ್ದು ಹೊರಬಂದಳು.

“ಅಪ್ಪಾ, ಇದೇನು ವೇಷ?”

“ಬಾ ಮಗಾ, ಕ್ಲಾಸಿಗೆ ಹೊತ್ತಾಯ್ತು.”

ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಸಾಹೇಬರತ್ತ ತಿರುಗಿದ.

“ಸ್ವಾಮಿ, ನಾನು ಕಕ್ಕಸು ತೊಳೆಯೋನು. ಇವಳು ಇಲಿ ಅಲ್ಲ, ನನ್ನ ಮಗಳು. ಇಲ್ಲಿ ಲೆಕ್ಕ ಹೇಳ್ಕೊಡೋರು, ನೀವು ಟೀ ತರೋಕೆ ಹೇಳಿದ್ರಲ್ಲ, ಆ ತಾಯಿ.”

ಯಜಮಾನನ ಮುಖ ಸುಣ್ಣ ಬಳಿದಂತಾಯಿತು. ಸಾಹೇಬರು ಮಾತ್ರ ಕನ್ನಡಕ ಒರೆಸಿಕೊಂಡರು. ಹಿಂದಿನ ಶಾಲೆಯಲ್ಲಿ ಅಂಗಳದ ಕಲ್ಲಿನ ಪ್ರತಿಮೆಯನ್ನೇ ದೈಹಿಕ ಶಿಕ್ಷಕನೆಂದು ಎಣಿಸಿ, ಕೈಕುಲುಕಿಯೂ ಬಂದಿದ್ದರು. ಗೆರೆ ಮೇಲಕ್ಕೇರಲೇಬೇಕೆಂದು ಮಂತ್ರಿಗಳ ಕಟ್ಟಪ್ಪಣೆ.

“ನೋಡಪ್ಪಾ, ನಾನೇನೂ ಕೇಳಿಸ್ಕೊಂಡಿಲ್ಲ. ನಾಲ್ಕು ಅಂದ್ರೆ ನಾಲ್ಕೇ. ಸರ್ಕಾರ ಎಣಿಸಿದ್ಮೇಲೆ ನೀನು ಮೇಷ್ಟ್ರೇ. ತಿಳೀತಾ?”

ಹೀಗೆನ್ನುತ್ತಿದ್ದಂತೆ, ಬೆಳಗಿನಿಂದ ಶಾಲೆ ಶಾಲೆಯಲ್ಲಿ ಉಂಡ ಸತ್ಕಾರವೆಲ್ಲ ಸಾಹೇಬರ ಹೊಟ್ಟೆಯಲ್ಲಿ ಗುಡುಗಿತು. ಕಿಟಕಿಯ ಗಾಜು ಅದುರಿತು. ಅವರು ಹೊಟ್ಟೆ ಹಿಡಿದು ಬಾಗಿದರು. “ರೀ... ಕಕ್ಕಸೆಲ್ಲಿ?”

ಬೆಳಗಿನಿಂದ ಆರುನೂರು ಮಕ್ಕಳು ಹೋಗಿಬಂದ ಕಕ್ಕಸು. ತೊಳೆಯುವವನು ಟೈ ಕಟ್ಟಿಕೊಂಡಿದ್ದ.

“ಲೋ, ಓಡೋ!” ಯಜಮಾನ ಕಿರುಚಿದ. “ನೀರು ಹುಯ್ದು ಉಜ್ಜೋ!”

ಬಕೆಟ್ಟು ಮೇಜಿನ ಹಿಂದಿನ ಕುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ ಕೂತ.

“ಮೇಷ್ಟ್ರು ಕಕ್ಕಸು ತೊಳೆಯಲ್ಲ ಕಣಯ್ಯಾ.”

“ಬೋಳಿಮಗನೆ! ನಿನ್ನ ಮಗಳ ಪರೀಕ್ಷೆ ಹೋಯ್ತು ಅಂತ ತಿಳ್ಕೋ!”

“ಮೇಷ್ಟ್ರ ಮಗಳು ಅವಳು. ತಡೆದು ನೋಡು. ಸಾಹೇಬ್ರು ಇಲ್ಲೇ ಇದಾರೆ, ನಾನು ಯಾರು ಅಂತ ಅವರನ್ನೇ ಕೇಳು.”

ಯಜಮಾನ ಪಕ್ಕದ ಕ್ಲಾಸಿಗೆ ಓಡಿದ. ಡ್ರೈವರು ಕಿಟಕಿಯಲ್ಲಿ ತಲೆ ಹಾಕಿ, “ಪಾಠ ನಡೀತಿದೆ, ಗಲಾಟೆ ಮಾಡ್ಬೇಡಿ,” ಎಂದ. ಮಾಲಿ ಬಾಗಿಲು ಹಾಕಿಕೊಂಡ. ಸಾಹೇಬರನ್ನು ಊರ ಕಕ್ಕಸಿಗಾದರೂ ಓಡಿಸೋಣವೆಂದರೆ ಗೇಟಿನ ಬೀಗದ ಕೈ ಭಾಷೆಯ ಮೇಷ್ಟ್ರ ಜೇಬಿನಲ್ಲಿತ್ತು, ಆತ ಮಕ್ಕಳಿಂದ ಪದ್ಯ ಹೇಳಿಸುತ್ತಿದ್ದ.

ಮೇಡಂ ಹಿಂದಿನ ಬೆಂಚಿನಿಂದೆದ್ದು ಬಂದು ಸೀಮೆಸುಣ್ಣ ಎತ್ತಿಕೊಂಡರು.

“ಮೇಷ್ಟ್ರೇ, ಸ್ವಲ್ಪ ಸರ್ಕೊಳ್ಳಿ. ನಿಮ್ಮ ಮಗಳಿಗೆ ಬೋರ್ಡು ಕಾಣಲ್ಲ.”

ಬಕೆಟ್ಟು ಕುರ್ಚಿ ಸರಿಸಿಕೊಂಡ. ಹೊರಗೆ ವರಾಂಡದಲ್ಲಿ ಸಾಹೇಬರು ಕಂಬ ತಬ್ಬಿಕೊಂಡು ಒದ್ದಾಡುತ್ತ ಕೂಗಿದರು:

“ಅಯ್ಯೋ, ಈ ಶಾಲೇಲಿ ಒಬ್ಬ ಗಂಡಸೂ ಇಲ್ವೇನ್ರೋ?”

“ನಾಲ್ಕು ಜನ ಇದೀವಿ ಸಾರ್,” ಬಕೆಟ್ಟು ಕೂತಲ್ಲಿಂದಲೇ ಹೇಳಿದ. “ನೀವೇ ಎಣಿಸಿದ್ದು.”